ಯಂತ್ರ ಕೊಟ್ಟರೆ ಸಾಲದು

ಕಣ್ಣು ಕಾಣದ ಮಗುವನ್ನು ಕಂಡೊಡನೆ ನಮ್ಮ ಕಡೆ ಎರಡು ಮಾತು ಬರುತ್ತವೆ. ಒಂದು, ‘ಪಾಪ’. ಇನ್ನೊಂದು, ‘ಗದಗಿನ ಆಶ್ರಮಕ್ಕ ಕಳಸ್ರಿ, ಹಾಡಾದ್ರೂ ಕಲೀಲಿ.’ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಈ ನಾಡಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ಕಣ್ಣಿರುವ ಮಕ್ಕಳೆಲ್ಲ ಹಾಡುಗಾರರಾಗುವುದಿಲ್ಲವಲ್ಲ! ಕಣ್ಣಿಲ್ಲದ ಹುಡುಗಿಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ, ಕಾಲೇಜಿನಲ್ಲಿ ಇತಿಹಾಸ ಕಲಿಸುವ ಆಸೆ ಇರಬಾರದೇ?

ದಾರಿಯಿಲ್ಲ ಎನ್ನುವ ಕಾಲ ಹೋಯಿತು. ಕಂಪ್ಯೂಟರಿನ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವನ್ನು ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದರು. ಅವರಿಗೂ ಕಣ್ಣು ಕಾಣದು. ಅದಕ್ಕೆ ಬಿಡಿಕಾಸು ಕೊಡಬೇಕಿಲ್ಲ. ಅದು ಕನ್ನಡವನ್ನೂ ಓದುತ್ತದೆ. ಎಸ್ಸೆಸ್ಸೆಲ್ಸಿ ದಾಟಿದ ಅಂಧ ವಿದ್ಯಾರ್ಥಿಗಳಿಗೆ ‘ಮಾತನಾಡುವ ಲ್ಯಾಪ್‌ಟಾಪ್’ ಕೊಡುವ ಯೋಜನೆಯನ್ನು ನಮ್ಮ ಸರ್ಕಾರವೂ ಮಾಡಿದೆ.

ನನ್ನ ತಕರಾರು ಇರುವುದೇ ಇಲ್ಲಿ. ಲ್ಯಾಪ್‌ಟಾಪ್ ಕೊಡುವ ದಿನ ವೇದಿಕೆಯಿರುತ್ತದೆ, ಹಾರ, ಶಾಲು, ಫೋಟೋ ಇರುತ್ತವೆ. ಮರುದಿನ ಆ ಹುಡುಗಿಯ ಪಕ್ಕದಲ್ಲಿ ಕುಳಿತು ಕಲಿಸಲು ಯಾರಿದ್ದಾರೆ? ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ಎಲ್ಲ ಕೆಲಸ ಮಾಡುವುದು ಒಂದು ವಿದ್ಯೆ. ಅದು ಪೆಟ್ಟಿಗೆಯೊಳಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ಮಿತ್ರಜ್ಯೋತಿ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳು ಕಲಿಸುತ್ತವೆ, ನಿಜ. ವಾಡಿಯಲ್ಲಿ ರೈಲು ಹತ್ತಿಸಿ ಮಗಳೊಬ್ಬಳನ್ನೇ ಅಷ್ಟು ದೂರ ಕಳಿಸುವ ತಾಯಂದಿರು ಎಷ್ಟು ಮಂದಿ? ರೈಲೇ ಇಲ್ಲದ ಚಿಂಚೋಳಿಯ ತಾಯಿ ಏನು ಮಾಡಬೇಕು?

ಇನ್ನೊಂದು ಅನ್ಯಾಯವೂ ಇದೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಾಗದ ನಮ್ಮ ಕಣ್ಣಿಗಷ್ಟೇ ಕನ್ನಡ. ಯಂತ್ರದ ಪಾಲಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ; ಹಾಗೆಯೇ ಒದರುತ್ತದೆ. ಸುತ್ತೋಲೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೂ ಅದೇ ಗತಿ. ಯೂನಿಕೋಡ್ ಬಳಸಬೇಕೆಂದು ರಾಜ್ಯ ಸರ್ಕಾರ 2012ರಲ್ಲೇ ಒಪ್ಪಿದೆ. ಹಳೆಯ ಅಭ್ಯಾಸ ಮಾತ್ರ ಬಿಟ್ಟಿಲ್ಲ. ಪುಸ್ತಕ ಹಿಡಿಯದ ಜನರಲ್ಲೂ ಕಾವ್ಯಬುದ್ಧಿಯನ್ನು ಕಂಡ ಕವಿರಾಜಮಾರ್ಗ ಹುಟ್ಟಿದ್ದು ರಾಷ್ಟ್ರಕೂಟರ ಮಳಖೇಡದಲ್ಲಿ, ಇದೇ ಸೇಡಂ ತಾಲ್ಲೂಕಿನಲ್ಲಿ. ಅಲ್ಲಿಯ ಹುಡುಗಿ ಕನ್ನಡ ಕೇಳಿ ಓದುತ್ತೇನೆಂದರೆ ಕನ್ನಡವೇ ಅಡ್ಡ ನಿಲ್ಲಬೇಕೇ?

‘ತಾಲ್ಲೂಕಿಗೆ ನಾಲ್ಕು ಮಂದಿ ಇರಬಹುದು, ಅವರಿಗಾಗಿ ಇಷ್ಟೆಲ್ಲ ಬೇಕೇನ್ರಿ?’ ಎನ್ನುವವರಿದ್ದಾರೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದ ನಿಮ್ಮ ಅತ್ತೆಯನ್ನು ಆ ಲೆಕ್ಕದಲ್ಲಿ ಹಿಡಿದಿದ್ದೀರಾ? ನಾಳೆ ನಿಮ್ಮನ್ನು, ನನ್ನನ್ನು? ಅಲ್ಲದೆ ಇದು ಭಿಕ್ಷೆಯ ಮಾತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಡಿಜಿಟಲ್ ಸೌಲಭ್ಯ ಪಡೆಯುವುದು ಜೀವಿಸುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ.

ನಮ್ಮ ಭಾಗಕ್ಕೆ 371 ಜೆ ಬಂದಿದೆ, ಕಲ್ಯಾಣ ಕರ್ನಾಟಕ ಮಂಡಳಿಗೆ ಹಣ ಬರುತ್ತಿದೆ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ, ಪ್ರತಿ ತಾಲ್ಲೂಕಿಗೂ ಇದನ್ನು ಕಲಿಸಬಲ್ಲ ಒಬ್ಬ ಶಿಕ್ಷಕರನ್ನು ನೇಮಿಸಲಿ. ಆ ಕುರ್ಚಿಯಲ್ಲಿ ಕಣ್ಣಿಲ್ಲದವರೇ ಕೂಡಲಿ. ಕಚೇರಿಯ ಪ್ರತಿ ಕಾಗದವೂ ಯೂನಿಕೋಡಿನಲ್ಲಿರಲಿ.

ಅಲ್ಲಿಯವರೆಗೆ ಸುಮ್ಮನೆ ಕೂಡಬೇಡಿ, ತಾಯಂದಿರೇ. ಮನೆಯ ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ತೆರೆದರೆ ಟಾಕ್‌ಬ್ಯಾಕ್ ಸಿಗುತ್ತದೆ. ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ‘ಆಕಿಗ್ಯಾಕ ಫೋನು?’ ಎಂದು ಕಸಿಯುವ ಕೈಯನ್ನು ತಡೆಯಿರಿ. ಫೋನು ಮಗಳ ಕೈಯಲ್ಲಿರಲಿ. ಶಿಕ್ಷಕರನ್ನು ಕೊಡಿ ಎಂಬ ಅರ್ಜಿ ನಿಮ್ಮ ಕೈಯಲ್ಲಿರಲಿ.