ಹೆಸರಿನಲ್ಲಿ ಅಡಗಿದ ವಿಶೇಷಣ

ಸಸ್ಯಗಳ ಲ್ಯಾಟಿನ್ ಹೆಸರುಗಳನ್ನು ನಮ್ಮ ವಿದ್ಯಾರ್ಥಿಗಳು ಅರ್ಥವರಿಯದ ಮಂತ್ರಗಳಂತೆ ಬಾಯಿಪಾಠ ಮಾಡುವುದುಂಟು. ವಾಸ್ತವವಾಗಿ ಅವು ಪುಟ್ಟ ವರ್ಣನೆಗಳು. ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಸ್ಯಗಳಿಗೆ ಎರಡೆರಡು ಪದಗಳ ಹೆಸರನ್ನಿತ್ತನು. ಮೊದಲನೆಯದು ಕುಲದ ಹೆಸರು. ಎರಡನೆಯದು ಬಹುಮಟ್ಟಿಗೆ ವಿಶೇಷಣ. ಶ್ರೀಗಂಧವು ಸಾಂಟಲಮ್ ಆಲ್ಬಮ್, ಕರಿಮೆಣಸು ಪೈಪರ್ ನೈಗ್ರಮ್, ಬತ್ತ ಒರೈಜ ಸಟೈವ. ಆಲ್ಬಮ್ ಎಂದರೆ ಬಿಳಿಯದು, ನೈಗ್ರಮ್ ಎಂದರೆ ಕರಿಯದು, ಸಟೈವ ಎಂದರೆ ಬಿತ್ತಿ ಬೆಳೆದುದು.

ಕನ್ನಡದ 'ಬಿಳಿಯ' ಎಂಬ ಮಾತು ಹಸುವಿಗೂ ಹೂವಿಗೂ ಹುಡುಗನಿಗೂ ಒಂದೇ ರೂಪದಲ್ಲಿ ಸಲ್ಲುತ್ತದೆ. ಲ್ಯಾಟಿನ್ನಿನಲ್ಲಾದರೋ, ಸಂಸ್ಕೃತದಲ್ಲಿರುವಂತೆ, ವಿಶೇಷಣವು ವಿಶೇಷ್ಯದ ಲಿಂಗವನ್ನು ಅನುಸರಿಸಬೇಕು. ಆದುದರಿಂದಲೇ ಶ್ರೀಗಂಧದಲ್ಲಿ 'ಆಲ್ಬಮ್' ಆದುದು ಹಿಪ್ಪುನೇರಳೆಯಲ್ಲಿ 'ಮೋರಸ್ ಆಲ್ಬ' ಆಗಿದೆ.

ಈ ವರ್ಣನೆಗಳೆಲ್ಲ ಸತ್ಯವೇ? ಹುಣಸೆಯನ್ನು ನೋಡೋಣ. ಅದರ ಹೆಸರು ಟಾಮರಿಂಡಸ್ ಇಂಡಿಕ. ಮೊದಲ ಪದವು 'ಭಾರತದ ಖರ್ಜೂರ' ಎಂಬ ಅರಬ್ಬೀ ಮಾತಿನಿಂದ ಬಂದುದು. ಎರಡನೆಯದಕ್ಕೂ 'ಭಾರತದ' ಎಂದೇ ಅರ್ಥ. ಹೀಗೆ ಎರಡು ಬಾರಿ ಭಾರತದ್ದೆನಿಸಿಕೊಂಡ ಮರದ ಮೂಲನೆಲೆ ಆಫ್ರಿಕ! ಆದರೂ ಹೆಸರನ್ನು ತಿದ್ದುವಂತಿಲ್ಲ. ಕ್ರಮಬದ್ಧವಾಗಿ ಪ್ರಕಟವಾದ ಹೆಸರನ್ನು ಕೇವಲ ಅನುಚಿತವೆಂದು ತಳ್ಳಬಾರದೆಂದು ಅಂತಾರಾಷ್ಟ್ರೀಯ ನಾಮಕರಣ ನಿಯಮಾವಳಿಯ ವಿಧಿಯಿದೆ. ಆದರೆ ವಿಶೇಷಣದ ಲಿಂಗ ತಪ್ಪಿದ್ದರೆ ತಿದ್ದಲೇಬೇಕು. ವ್ಯಾಕರಣದೋಷಕ್ಕೆ ಕ್ಷಮೆಯಿಲ್ಲ, ವಸ್ತುದೋಷಕ್ಕೆ ಉಂಟು! ವಿನೋದವೆನಿಸಿದರೂ ಇದು ವಿವೇಕವೇ ಸರಿ. ತಿಳಿವಳಿಕೆ ಬೆಳೆದಂತೆಲ್ಲ ಹೆಸರು ಬದಲಾಗುತ್ತ ಹೋದರೆ ಒಂದು ತಲೆಮಾರಿನ ಗ್ರಂಥ ಮತ್ತೊಂದು ತಲೆಮಾರಿಗೆ ಅರ್ಥವಾಗದು.

ಹಾಗಾದರೆ ನಿಂದೆಯ ಮಾತೂ ಸ್ಥಿರವಾಗಿರಬೇಕೆ? ದಕ್ಷಿಣ ಆಫ್ರಿಕದ ಕೆಂಪು ಹೂವಿನ ಮರವೊಂದು ಎರಿತ್ರಿನ ಕಾಫ್ರ ಎನಿಸಿಕೊಂಡಿತ್ತು. ಈ ವಿಶೇಷಣದ ಮೂಲಪದವು ಅಲ್ಲಿನ ಕರಿಯ ಜನರನ್ನು ಹೀಯಾಳಿಸಲು ಬಳಕೆಯಾದ ಬೈಗುಳ. 2024ರ ಜುಲೈ ತಿಂಗಳಲ್ಲಿ ಮ್ಯಾಡ್ರಿಡ್ ನಗರದಲ್ಲಿ ಸೇರಿದ್ದ ಸಸ್ಯವಿಜ್ಞಾನಿಗಳು ಮತ ಹಾಕಿ, ಇಂತಹ ಇನ್ನೂರಕ್ಕೂ ಮಿಕ್ಕ ಹೆಸರುಗಳಲ್ಲಿ 'ಕಾಫ್ರ' ಎಂಬುದನ್ನು ಆಫ್ರಿಕವನ್ನು ಸೂಚಿಸುವ 'ಆಫ್ರ' ಎಂದು ಮಾರ್ಪಡಿಸಿದರು. ಒಂದೇ ಅಕ್ಷರ ಹೋಯಿತು. ಅದರೊಡನೆ ಅವಮಾನವೂ ಹೋಯಿತು. ಹೆಸರಿನ ಸ್ಥಿರತೆಗೆ ಇದರಿಂದ ಭಂಗವಾಯಿತೆನ್ನುವವರ ಮಾತನ್ನು ನಾವು ಒಪ್ಪಲಾರೆವು. ಹುಣಸೆಯನ್ನು ಭಾರತದ್ದೆಂದರೆ ಯಾರ ಮನಸ್ಸೂ ನೋಯುವುದಿಲ್ಲ, ಬೈಗುಳದಿಂದ ನೋಯುತ್ತದೆ.

ಅರ್ಥ ತಿಳಿದವನಿಗೆ ಮಾತ್ರ ಈ ವ್ಯತ್ಯಾಸ ಕಂಡೀತು. ಆದುದರಿಂದ ಸಸ್ಯಶಾಸ್ತ್ರದ ಉಪಾಧ್ಯಾಯರು ಹೆಸರನ್ನು ಬರೆಸುವಾಗ ವಿಶೇಷಣದ ಅರ್ಥವನ್ನೂ ಒಂದು ಮಾತಿನಲ್ಲಿ ಹೇಳಲಿ. ಭಾಷಾ ಉಪಾಧ್ಯಾಯರೂ ತಮ್ಮ ವ್ಯಾಕರಣದ ಪಾಠಕ್ಕೆ ಅಲ್ಲಿಂದ ಉದಾಹರಣೆಗಳನ್ನು ತೆಗೆದುಕೊಳ್ಳಲಿ.