ಕಪ್ ಎತ್ತಿದವನ ಕಿತಾಪತಿಗೆಲ್ಲ ಮಾಫಿಯೇ?

ಎದುರಾಳಿಯನ್ನು ಕೆಣಕಿ, ಅವನು ರೇಗಿ ತಿರುಗಿ ಹೊಡೆದಾಗ ರೆಫರಿಯಿಂದ ಅವನಿಗೇ ಶಿಕ್ಷೆ ಕೊಡಿಸುವುದನ್ನು ಕಸುಬು ಮಾಡಿಕೊಂಡವರು ಐಸ್ ಹಾಕಿಯಲ್ಲಿದ್ದಾರೆ. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನಲ್ಲಿ ಸದ್ಯ ಈ ಕುಲದ ಹಿರಿಯ ಬ್ರ್ಯಾಡ್ ಮಾರ್ಷಂಡ್. ಆತ 2025ರಲ್ಲಿ ಫ್ಲಾರಿಡಾ ಪ್ಯಾಂಥರ್ಸ್ ಪರ ಲೀಗಿನ ಚಾಂಪಿಯನ್ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆದ್ದ ಮೇಲಂತೂ ಇಂಥವರ ವಕೀಲರ ದನಿ ಜೋರಾಗಿದೆ.

ಅವರ ಮೊದಲ ವಾದ, ಕೆಣಕುವುದು ಆಟದ ಭಾಗ ಎಂಬುದು. ಅರ್ಧ ಒಪ್ಪುತ್ತೇನೆ. ಇದೇ ಲೀಗಿನ ಹಳೆಯ ಆಟಗಾರ ಎಸಾ ಟಿಕ್ಕನೆನ್ ಫಿನ್ನಿಷ್, ಇಂಗ್ಲಿಷ್ ಎರಡನ್ನೂ ಕಲಸಿ ಪಂದ್ಯವಿಡೀ ವಟಗುಟ್ಟುತ್ತಿದ್ದ. ಎದುರಿನವರಿಗೆ ಒಂದಕ್ಷರ ಅರ್ಥವಾಗದಿದ್ದರೂ ಮೈಯೆಲ್ಲ ಉರಿಯುತ್ತಿತ್ತು. ಜೊತೆಗೆ ಆಟವನ್ನೂ ಆಡುತ್ತಿದ್ದ, ಐದು ಕಪ್ ಗೆದ್ದ. ಅದಕ್ಕೆ ನನ್ನ ತಕರಾರಿಲ್ಲ. ಆದರೆ 2008ರ ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್‌ನ ಶಾನ್ ಎವರಿ ಮಾಡಿದ್ದೇನು? ಆಟದ ಬಿಲ್ಲೆಯಾದ ಪಕ್‌ಗೆ ಬೆನ್ನು ಹಾಕಿ, ನ್ಯೂಜೆರ್ಸಿಯ ಗೋಲ್‌ಕೀಪರ್ ಮಾರ್ಟಿನ್ ಬ್ರೋಡರ್ ಮುಖಕ್ಕೆ ಎದುರಾಗಿ ನಿಂತು ಕೈಯನ್ನೂ ಸ್ಟಿಕ್ಕನ್ನೂ ಆಡಿಸಿದ. ಮರುದಿನವೇ ಲೀಗ್, ಇನ್ನು ಮುಂದೆ ಹೀಗೆ ಮಾಡಿದರೆ ಪೆನಾಲ್ಟಿ ಎಂದು ಸಾರಿತು. ಪಕ್‌ಗೆ ಬೆನ್ನು ಹಾಕಿದವನು ಯಾವ ಆಟದ ಭಾಗ?

ಎರಡನೆಯದು: ‘ಒಮ್ಮೆ ಕೆಟ್ಟ ಹೆಸರು ಬಂದರೆ ಮುಗಿಯಿತು, ಲೀಗ್ ಅವರನ್ನೇ ಬೇಟೆಯಾಡುತ್ತದೆ.’ ಕೇಳುವುದಕ್ಕೆ ಕರುಣಾಜನಕ. ನಡೆದದ್ದು ಬೇರೆ. ಪಿಟ್ಸ್‌ಬರ್ಗ್‌ನ ಮ್ಯಾಟ್ ಕುಕ್‌ಗೆ ಎಲ್ಲರಿಗಿಂತ ಕೆಟ್ಟ ಹೆಸರಿತ್ತು. 2010ರ ಮಾರ್ಚ್‌ನಲ್ಲಿ ಆತ ಬಾಸ್ಟನ್‌ನ ಮಾರ್ಕ್ ಸವಾರ್ಡ್ ಕಣ್ಣಿಗೆ ಬೀಳದಂತೆ ಬಂದು ತಲೆಗೆ ಗುದ್ದಿದ. ಸವಾರ್ಡ್ ಮುಂದಿನ ವರ್ಷದ ಜನವರಿಯಲ್ಲಿ ಆಡಿದ್ದೇ ಕೊನೆ, ಮತ್ತೆ ಮಂಜುಗಡ್ಡೆಗೆ ಇಳಿಯಲಿಲ್ಲ. ಕುಕ್‌ಗೆ ಸಿಕ್ಕ ಶಿಕ್ಷೆ? ಒಂದು ಪಂದ್ಯದ ನಿಷೇಧವೂ ಇಲ್ಲ. ಅಂಥ ಹೊಡೆತವನ್ನು ತಡೆಯುವ ನಿಯಮವೇ ಆಗ ಇರಲಿಲ್ಲ, ಆಮೇಲೆ ಬಂತು. ಹೆಸರು ಕೆಟ್ಟದ್ದು ಕುಕ್‌ನದು, ವೃತ್ತಿ ಮುಗಿದದ್ದು ಸವಾರ್ಡ್‌ನದು. ಇದರಲ್ಲಿ ಬೇಟೆಗೆ ಸಿಕ್ಕವರು ಯಾರು?

‘ಆ ಕೆಚ್ಚು ತೆಗೆದರೆ ಆಟಗಾರನೇ ಉಳಿಯುವುದಿಲ್ಲ’ ಎಂಬ ಮೂರನೆಯ ವಾದಕ್ಕೂ ಕುಕ್‌ನೇ ಉತ್ತರ. 2011ರಲ್ಲಿ ಮೊಣಕೈ ಬೀಸಿ, ಲೀಗ್ ಹಂತದ ಉಳಿದ ಪಂದ್ಯಗಳ ಜೊತೆಗೆ ಪ್ಲೇಆಫ್‌ನ ಮೊದಲ ಸುತ್ತನ್ನೂ ಕಳೆದುಕೊಂಡ. ಮರುವರ್ಷ ತಿದ್ದಿಕೊಂಡು ಬಂದಾಗ ಶಿಕ್ಷೆಯಾಗಿ ಹೊರಗೆ ಕುಳಿತ ಪೆನಾಲ್ಟಿ ಅವಧಿ 129 ನಿಮಿಷದಿಂದ 44ಕ್ಕೆ ಇಳಿದಿತ್ತು, 12 ಇದ್ದ ಗೋಲು 19ಕ್ಕೆ ಏರಿತ್ತು. 2014ರಲ್ಲಿ ಮತ್ತೆ ಎದುರಾಳಿಗೆ ಮೊಣಕಾಲು ಕೊಟ್ಟು ಏಳು ಪಂದ್ಯಗಳ ನಿಷೇಧಕ್ಕೆ ಗುರಿಯಾದನಲ್ಲ, ನಾಯಿ ಬಾಲ ಡೊಂಕೇ ಅಲ್ಲವೇ ಎನ್ನುತ್ತೀರಾ? ಇರಲಿ. ಬಾಲ ನೆಟ್ಟಗಿದ್ದ ವರ್ಷ ಆತ ಚೆನ್ನಾಗಿಯೇ ಆಡಿದ್ದ, ಅಷ್ಟು ಸಾಕು ನನಗೆ.

ಸರಣಿ ಮುಗಿದ ಮೇಲೆ ಎರಡೂ ತಂಡದವರು ಸಾಲುಗಟ್ಟಿ ಕೈಕುಲುಕುತ್ತಾರೆ, ಅಲ್ಲಿಗೆ ಎಲ್ಲ ಚುಕ್ತಾ ಎನ್ನುವವರೂ ಇದ್ದಾರೆ. 1996ರಲ್ಲಿ ಕೊಲರಾಡೊದ ಕ್ಲೋಡ್ ಲೆಮ್ಯೂ ಹಿಂದಿನಿಂದ ಬಂದು ಡೆಟ್ರಾಯಿಟ್‌ನ ಕ್ರಿಸ್ ಡ್ರೇಪರ್‌ನನ್ನು ಅಂಗಳದ ಅಂಚಿನ ಗೋಡೆಗೆ ಅಪ್ಪಳಿಸಿದ. ಡ್ರೇಪರ್‌ನ ದವಡೆ, ಕೆನ್ನೆಯ ಮೂಳೆ, ಮೂಗು ಮುರಿದವು. ಆ ಗಾಯ ಎಷ್ಟು ದೊಡ್ಡದೆಂದು ತಿಳಿಯದೆ ಅವನ ಸಹ ಆಟಗಾರ ಡೀನೊ ಸಿಕರೆಲಿ ಆ ಸಾಲಿನಲ್ಲಿ ಲೆಮ್ಯೂ ಕೈ ಕುಲುಕಿದ್ದ, ತಿಳಿದ ಮೇಲೆ ಯಾಕಾದರೂ ಕುಲುಕಿದೆನೋ ಎಂದು ಹಳಹಳಿಸಿದ. ಮರುವರ್ಷ ಮಾರ್ಚ್ 26ರಂದು ಡೆಟ್ರಾಯಿಟ್‌ನ ಡ್ಯಾರೆನ್ ಮೆಕಾರ್ಟಿ ಲೆಮ್ಯೂವನ್ನು ಕೆಡವಿ ಬಾರಿಸಿದ. ಗೋಲ್‌ಕೀಪರ್‌ಗಳೂ ಕೈಕೈ ಮಿಲಾಯಿಸಿ ಹೊಡೆದಾಡಿದರು. ಚುಕ್ತಾ ಆದದ್ದು ಹೀಗೆ!

ಇನ್ನೊಂದು ಕಡೆಯವರು ಇಂಥವರನ್ನೆಲ್ಲ ಆಟದಿಂದಲೇ ಓಡಿಸಿ ಎನ್ನುತ್ತಾರೆ. ನನಗದು ಬೇಡ. ನಾಲಗೆಗೂ ಮೊಣಕೈಗೂ ಒಂದೇ ದಂಡ ವಿಧಿಸಿದರೆ ಟಿಕ್ಕನೆನ್ ಕೂಡ ಮನೆಗೆ ಹೋಗಬೇಕಾಗುತ್ತದೆ.

ಉಳಿದದ್ದು ಕಪ್ ಗೆದ್ದವನಿಗೆ ಎಲ್ಲ ಮಾಫಿ ಎಂಬ ವಾದ. ಡ್ರೇಪರ್ ದವಡೆ ಮುರಿದ ವರ್ಷ ಲೆಮ್ಯೂ ಕೂಡ ಕಪ್ ಎತ್ತಿದ್ದ. ದವಡೆಗೆ ಅದರಿಂದೇನೂ ಉಪಕಾರವಾಗಲಿಲ್ಲ. ಇನ್ನು ಮಾರ್ಷಂಡ್: 2018ರ ಪ್ಲೇಆಫ್‌ನಲ್ಲಿ ಎದುರಾಳಿಗಳಾದ ಲಿಯೊ ಕೊಮರೋವ್, ರಯಾನ್ ಕ್ಯಾಲಹನ್ ಇಬ್ಬರ ಮುಖವನ್ನೂ ನೆಕ್ಕಿ ಲೀಗಿನಿಂದ ಎಚ್ಚರಿಕೆ ಪಡೆದವನು, 2022ರಲ್ಲಿ ಪಿಟ್ಸ್‌ಬರ್ಗ್ ಗೋಲ್‌ಕೀಪರ್‌ನನ್ನು ಗುದ್ದಿ ಆರು ಪಂದ್ಯ ಹೊರಗೆ ಕುಳಿತವನು. ಅದೇ ಮನುಷ್ಯ 2025ರ ಫೈನಲ್‌ನಲ್ಲಿ ಆರು ಗೋಲು ಹೊಡೆದ. ಭೇಷ್! ಆ ಆರರಲ್ಲಿ ಒಂದಕ್ಕೂ ಅವನು ಯಾರ ಕೆನ್ನೆಯನ್ನೂ ನೆಕ್ಕಬೇಕಾಗಿ ಬರಲಿಲ್ಲ.