ಕರ್ನಾಟಕದ ಲೇಖಾನುದಾನ ಬಿಕ್ಕಟ್ಟು (2019)

ಕರ್ನಾಟಕದ ಲೇಖಾನುದಾನ ಬಿಕ್ಕಟ್ಟು ಎಂಬುದು 2019ರ ಜುಲೈನಲ್ಲಿ ರಾಜ್ಯಪಾಲರು, ಸರ್ಕಾರ ಮತ್ತು ವಿಧಾನಸಭೆಗಳ ನಡುವಣ ಅಧಿಕಾರ ಸಂಘರ್ಷದಿಂದ ರಾಜ್ಯದ ವೆಚ್ಚಕ್ಕೆ ಒದಗಿದ ಆತಂಕವಾಗಿದೆ.

ಹಿನ್ನೆಲೆ

ಸಂವಿಧಾನದ 204ನೆಯ ವಿಧಿಯಂತೆ ಧನವಿನಿಯೋಗ ಕಾನೂನಿಲ್ಲದೆ ರಾಜ್ಯದ ಸಂಚಿತ ನಿಧಿಯಿಂದ ಹಣ ತೆಗೆಯುವಂತಿಲ್ಲ. ಪೂರ್ಣ ಆಯವ್ಯಯಕ್ಕೆ ಒಪ್ಪಿಗೆ ದೊರೆಯುವವರೆಗೆ ಮುಂಗಡವಾಗಿ ಪಡೆಯುವ ಅನುಮತಿಯೇ 206ನೆಯ ವಿಧಿಯ ಲೇಖಾನುದಾನ. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರು ಫೆಬ್ರವರಿ 8ರಂದು ಆಯವ್ಯಯ ಮಂಡಿಸಿದರು. ಆಗ ಪಡೆದ ಲೇಖಾನುದಾನದ ಅವಧಿ ಜುಲೈ 31ಕ್ಕೆ ಮುಗಿಯುವುದಿತ್ತು.

ಘಟನೆಗಳು

ಆಡಳಿತ ಪಕ್ಷಗಳ ಹಲವು ಶಾಸಕರು ರಾಜೀನಾಮೆ ನೀಡಿದುದರಿಂದ ವಿಶ್ವಾಸಮತದ ಪ್ರಶ್ನೆ ಎದ್ದಿತು. ಮತದಾನ ಮುಗಿಸಲು ರಾಜ್ಯಪಾಲ ವಜುಭಾಯಿ ವಾಲಾ ಅವರು ಜುಲೈ 19ಕ್ಕೆ ಎರಡು ಬಾರಿ ಗಡುವು ವಿಧಿಸಿದರೂ ಸದನದಲ್ಲಿ ಚರ್ಚೆ ಮುಂದುವರಿಯಿತು. ಜುಲೈ 23ರಂದು ಸರ್ಕಾರವು 99–105 ಮತಗಳಿಂದ ಸೋತಿತು. ಜುಲೈ 26ರಂದು ಅಧಿಕಾರ ವಹಿಸಿಕೊಂಡ ಬಿ.ಎಸ್. ಯಡಿಯೂರಪ್ಪ ಅವರು ಜುಲೈ 29ರಂದು ವಿಶ್ವಾಸಮತ ಗಳಿಸಿ, ಹಿಂದಿನ ಸರ್ಕಾರದ ಹಣಕಾಸು ಮಸೂದೆಗೇ ಅಂಗೀಕಾರ ಪಡೆದರು. ಮೂರು ತಿಂಗಳ ಲೇಖಾನುದಾನವೂ ದೊರೆಯಿತು.

ವಿಶ್ಲೇಷಣೆ

ಅಮೆರಿಕದಲ್ಲಿ ಅಧ್ಯಕ್ಷರು ಮತ್ತು ಶಾಸನಸಭೆಯ ನಡುವೆ ಒಮ್ಮತ ಮೂಡದೆ 2018–19ರಲ್ಲಿ ಹಲವು ಸರ್ಕಾರಿ ಕಚೇರಿಗಳು 35 ದಿನ ಸ್ಥಗಿತಗೊಂಡವು. ಆದರೂ ಅಧ್ಯಕ್ಷರು ಅಧಿಕಾರದಲ್ಲಿ ಉಳಿದರು. ಸಂಸದೀಯ ಪದ್ಧತಿಯಲ್ಲಿ ಸದನದ ವಿಶ್ವಾಸ ಕಳೆದುಕೊಂಡ ಸರ್ಕಾರವೇ ಬೀಳುತ್ತದೆ. ಹೀಗಾಗಿ ವಿಶ್ವಾಸಮತದ ವಿಳಂಬವು ಖಜಾನೆಯನ್ನೂ ತಟ್ಟುತ್ತದೆ. ಅವಧಿ ಮೀರಿದ್ದರೆ ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲಿನಂತಹ ಊರುಗಳಲ್ಲಿಯೂ ಶಿಕ್ಷಕರ ಸಂಬಳ, ವೃದ್ಧಾಪ್ಯ ವೇತನಗಳಿಗೆ ಅಡಚಣೆಯಾಗುತ್ತಿತ್ತು. ಆ ಅಪಾಯ ಎರಡು ದಿನಗಳ ಅಂತರದಲ್ಲಿ ತಪ್ಪಿತು. ಆದರೆ ವಿಶ್ವಾಸಮತ ಮತ್ತು ಹಣಕಾಸು ಮಸೂದೆ ಒಂದೇ ದಿನ ಮುಗಿದುದರಿಂದ, ವೆಚ್ಚವನ್ನು ವಿವರವಾಗಿ ಪರಿಶೀಲಿಸುವ ಸದನದ ಮುಖ್ಯ ಕರ್ತವ್ಯವು ಹಿಂದೆ ಸರಿಯಿತು.